ನಿದ್ದೆ ಬಾರದ ಬಳ್ಳಿ

ನವಾಬರ ದ್ರಾಕ್ಷಿ ತೋಟದ ಮೂರನೆಯ ಸಾಲಿನ ಏಳನೆಯ ಬುಡ ಬಿಚ್ಚುವ ಹೊತ್ತಿಗೆ ಚಂದಮ್ಮನ ಕೈಯಲ್ಲಿ ಕುರ್ಪಿಯ ಹಿಡಿ ಬೆವರಿಗೆ ಜಾರತೊಡಗಿತ್ತು. ಮೇಲಿನ ಎರಡು ಗೇಣು ಕರಿಮಣ್ಣು ಸುಲಭ. ಅದರ ಕೆಳಗೆ ಸುಣ್ಣದ ಹರಳು, ಇನ್ನೂ ಕೆಳಗೆ ಫರಸಿ ಬಂಡೆ. ಬೇರಿಗೆ ಪೆಟ್ಟಾಗದಂತೆ ಕೆದರಬೇಕು. ಕಾಗಿಣಾ ಹೊಳೆಯ ದಂಡೆಯ ಈ ಸೀಮೆಗೆ ಎಲೆ ಉದುರಿಸುವಂಥ ಚಳಿ ಬರುವುದಿಲ್ಲ. ಹಾಗಾಗಿ ಮಳೆಗಾಲ ಮುಗಿದೊಡನೆ ನೀರು ನಿಲ್ಲಿಸಿ, ಬೇರನ್ನು ಬಿಸಿಲಿಗೆ ತೆರೆದಿಟ್ಟು, ದ್ರಾಕ್ಷಿಯನ್ನು ಬಲವಂತವಾಗಿ ಮಲಗಿಸಬೇಕು. ಎಲೆಯೆಲ್ಲ ಉದುರಿದ ಮೇಲೆ ಕಡ್ಡಿ ಸವರಿ, ಕುರಿಗೊಬ್ಬರ ಹಾಕಿ ಬುಡ ಮುಚ್ಚಿದರೆ ಬಳ್ಳಿ ಎಚ್ಚೆತ್ತು ಹೂ ಬಿಡುತ್ತದೆ.

"ಮಲಗದ ಬಳ್ಳಿ ಹಡೆಯಂಗಿಲ್ಲ," ಎನ್ನುತ್ತಿದ್ದಳು ಅತ್ತೆ ವಿಮಲಾಬಾಯಿ.

ಅತ್ತೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಆದರೂ ಚಪ್ಪರದ ಕೆಳಗೆ ಬಗ್ಗಿದಾಗಲೆಲ್ಲ ಚಂದಮ್ಮನಿಗೆ ಬೆನ್ನ ಹಿಂದೆ ಆಕೆಯ ಒಣಕೆಮ್ಮು ಕೇಳುತ್ತಿತ್ತು. ಕೊನೆಯ ಸಾಲಿನ ಕಡೆಯಿಂದಲೇ. ಬದುಕಿದ್ದಷ್ಟು ದಿನ ಆ ಸಾಲಿಗೆ ಅತ್ತೆ ಸೊಸೆಯನ್ನು ಬಿಟ್ಟುಕೊಂಡವಳಲ್ಲ. ಅದರ ತುದಿಯ ಒಂದು ಬಳ್ಳಿ, ಇಡೀ ತೋಟ ಬೋಳಾಗಿ ನಿಂತಾಗಲೂ, ಹಸಿರಾಗಿಯೇ ಇರುತ್ತಿತ್ತು. ಗಾಳಿಯಿಲ್ಲದಾಗಲೂ ಸರಸರ ಅನ್ನುತ್ತದೆಂದು ಕೂಲಿಯವರು ಅದರ ನೆರಳಲ್ಲಿ ಬುತ್ತಿ ಬಿಚ್ಚುತ್ತಿರಲಿಲ್ಲ.

"ಯಕ್ಕಾ, ಆ ದೆವ್ವದ ಬಳ್ಳಿಗಿ ನೀನೇ ಹೋಗು. ನಾ ಒಲ್ಲೆ," ಎಂದಳು ಪಕ್ಕದ ಸಾಲಿನ ಭೀಮಬಾಯಿ. "ನಿಮ್ಮತ್ತಿ ಅಲ್ಲೇ ಕುಂತಿದ್ರ?"

"ಕುಂತಿದ್ರ ಏನ್ ಮಾಡ್ತಾಳ? ಕುರ್ಪಿ ಹಿಡಿಯೋದು ಸರಿ ಇಲ್ಲಂತ ಬೈತಾಳ."

"ಲಿಂಗ ಕಟ್ಟಿದವರು ನವಾಬರ ಶರಾಬಿನ ತ್ವಾಟ ಕಾದ್ರ ಹಿಂಗೇ. ಶಿವನೂ ಬಿಡಂಗಿಲ್ಲ, ದೆವ್ವನೂ ಬಿಡಂಗಿಲ್ಲ!"

ಅವಳ ನಗು ಅರ್ಧಕ್ಕೇ ನಿಂತಿತು. ತೋಟದ ಉಸ್ತುವಾರಿ ನೋಡುವ ದಾರೋಗಾ ಶೌಕತ ಅಲಿ ಕೊಡೆ ಹಿಡಿದು ಬಂದಿದ್ದರು.

"ಚಂದಮ್ಮಾ, ಆ ಕಡೀ ಬಳ್ಳಿ ಹನ್ನೊಂದು ವರ್ಷದಿಂದ ಒಂದು ಗೊನಿ ಕೊಟ್ಟಿಲ್ಲ. ನಿಮ್ಮತ್ತಿ ಮಾರಿ ನೋಡಿ ಸುಮ್ಮನಿದ್ದೆ. ಶುಕ್ರವಾರದೊಳಗ ಎಲಿ ಉದುರಿಸಿತೋ ಸೈ. ಇಲ್ಲಂದ್ರ ಬೇರ್ ಸಮೇತ ಕಿತ್ತಿಸಿ ಹೊಸಾ ಕಡ್ಡಿ ಹಚ್ಚಸ್ತೀನಿ."

"ಆಯ್ತ್ರಿ ಸಾಹೇಬ್ರ. ಇವತ್ತೇ ಬುಡ ಬಿಚ್ಚತೀನ್ರಿ."

ಹನ್ನೊಂದು ವರ್ಷ. ಆ ಲೆಕ್ಕ ಅವಳಿಗೆ ಬೇರೆ ಕಡೆಯಿಂದ ಗೊತ್ತಿತ್ತು. ಅವಳ ಕೂಸು ಉಸಿರಿಲ್ಲದೆ ಹುಟ್ಟಿದ ವರ್ಷ ಅದು. ಅವಳಿಗೆ ಎಚ್ಚರವಾದಾಗ ಮಡಿಲು ಖಾಲಿಯಿತ್ತು. "ಕಾಗಿಣಾಕ್ಕ ಬಿಟ್ಟು ಬಂದೆ," ಎಂದಿದ್ದಳು ಅತ್ತೆ, ಬೇರೆ ಕಡೆ ನೋಡುತ್ತ. ತಾವು ಸತ್ತವರನ್ನು ಮಣ್ಣಲ್ಲಿ ಇಡುವ ಕುಲದವರು. ಇಡಲು ಗೇಣು ಹೊಲ ಸ್ವಂತದ್ದಿರಲಿಲ್ಲ, ನಿಜ. ಹಾಗಂತ ಹೊಳೆಗೆ ಬಿಡುವುದೆ? ಅಂದಿನಿಂದ ಚಂದಮ್ಮ ಹೊಳೆಗೆ ಇಳಿದಿರಲಿಲ್ಲ. ಮಳೆಗಾಲದಲ್ಲಿ ಕಾಗಿಣಾ ತುಂಬಿ ಮೊರೆದರೆ ಕಿವಿಗೆ ಸೆರಗು ಒತ್ತಿಕೊಂಡು ಕೂರುತ್ತಿದ್ದಳು.

ಕಡೆಯ ಬಳ್ಳಿಯ ಬುಡದಲ್ಲಿ ಕುರ್ಪಿ ಒಂದು ಗೇಣೂ ಇಳಿಯಲಿಲ್ಲ. ಠಣ್ಣೆಂದಿತು. ಬಂಡೆಯಲ್ಲ, ಮೊಳದುದ್ದದ ಫರಸಿ ಹಾಸು, ನಾಲ್ಕೂ ಅಂಚು ಉಳಿಯಿಂದ ಒಪ್ಪ ಮಾಡಿದ್ದು. ಅದರ ಮೇಲೆ ಮಣ್ಣು ಹಿಡಿದ ಒಂದು ವಿಭೂತಿ ಗಟ್ಟಿ. ಎಳೆಬೇರುಗಳು ಕಲ್ಲನ್ನು ಸುತ್ತಲಿಂದ ತಬ್ಬಿಕೊಂಡಿದ್ದವು.

ಕೂಸು ಹೊಳೆಗೆ ಹೋಗಿರಲಿಲ್ಲ.

ನವಾಬರ ತೋಟದಲ್ಲಿ ಹೂತಿದ್ದು ಗೊತ್ತಾದರೆ ಅಗೆಸಿ ಹಾಕುತ್ತಿದ್ದರು. ಗೊತ್ತಿದ್ದರೆ ತಾನು ದಿನವೂ ಇಲ್ಲೇ ಬಿದ್ದು ಅಳುತ್ತಿದ್ದಳು. ನಾಲ್ಕು ಜನರಿಗೆ ತಿಳಿಯುತ್ತಿತ್ತು. ಅದಕ್ಕೇ ಮುದುಕಿ ಸುಳ್ಳು ಹೇಳಿದಳು, ಸೊಸೆಯ ಸಿಟ್ಟನ್ನು ಹೊತ್ತುಕೊಂಡೇ ಹೋದಳು. ಈ ಒಂದು ಬುಡ ಬಿಚ್ಚಲು ಅವಳಿಗೆ ಕೈ ಬಂದಿರಲಿಲ್ಲ. ಬಳ್ಳಿ ಹನ್ನೊಂದು ವರ್ಷ ಮಲಗಿರಲಿಲ್ಲ.

ಚಂದಮ್ಮ ಕಲ್ಲಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಹಿಂದೆ ಕೆಮ್ಮು ಕೇಳಿತು. ಅವಳು ತಿರುಗಲಿಲ್ಲ.

"ಏನ್ ಸಿಕ್ತು ಯಕ್ಕಾ? ಬಂಗಾರದ ಕೊಪ್ಪರಿಗಿನಾ?"

"ಬರೀ ಕಲ್ಲು."

ಕುರ್ಪಿ ಬದಿಗಿಟ್ಟು ಬೊಗಸೆಯಿಂದಲೇ ಮಣ್ಣು ತುಂಬಿದಳು. ಮೇಲೆ ನೋಡಿದಳು: ಎರಡು ಬುಟ್ಟಿ ಎಲೆ ಇರಬಹುದು. ಶುಕ್ರವಾರಕ್ಕೆ ಮೂರು ದಿನ. ನೀರು ನಿಲ್ಲಿಸಿ ಒಂದೊಂದೇ ಎಲೆಯನ್ನು ಕೈಯಿಂದ ಚಿವುಟಿದರೂ ಬಳ್ಳಿ ಮಲಗುತ್ತದೆ, ಬುಡ ಮುಟ್ಟಬೇಕಾಗಿಲ್ಲ. ಈ ವರ್ಷ. ಬರುವ ವರ್ಷವೂ. ಕೈಯಲ್ಲಿ ಕಸುವಿರುವವರೆಗೂ.

ಕೆಳಗೆ ಕಾಗಿಣಾ ಹರಿಯುತ್ತಿತ್ತು, ಬರೀ ನೀರಿನ ಸದ್ದು.

ಅವಳು ಮೊದಲ ಎಲೆಯ ತೊಟ್ಟು ಮುರಿದು ಮಡಿಲಿಗೆ ಹಾಕಿಕೊಂಡಳು.

"ಹಸೀ ಎಲಿ ಯಾಕ ಹರಿಯಾಕತ್ತಿ?" ಭೀಮಬಾಯಿ ಕೂಗಿದಳು.

"ಮನ್ಯಾಗಿನ ಆಡಿಗಿ ಮೇಯಾಕ ಸೊಪ್ಪು," ಎಂದಳು ಚಂದಮ್ಮ, ಬೇರೆ ಕಡೆ ನೋಡುತ್ತ.