ಹಳಿಯಡಿಯ ಪೈಪು

ಬೆಳಿಗ್ಗೆ ಎಂಟೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಕೋಡಿಂಬಾಳದ ಆಚೆಯ ತಿರುವಿನಲ್ಲಿ ಗಾನಶ್ರೀ ಮುಂದೆ, ಕುಕ್ಕಪ್ಪ ಹಿಂದೆ ನಡೆಯುತ್ತಿದ್ದರು. ಅವಳು ರೈಲು ಹಳಿಗಳ ಸುರಕ್ಷತೆಯನ್ನು ಪರಿಶೀಲಿಸುವ ಸರಕಾರಿ ಇಂಜಿನಿಯರ್. ಅವನು ಕೀಮ್ಯಾನ್; ದಿನಾ ಅದೇ ದಾರಿಯಲ್ಲಿ ನಡೆದು ಸಡಿಲಾದ ಕೀಲಿಗಳನ್ನು ಬಡಿದು ಕೂರಿಸುವುದು ಅವನ ಕೆಲಸ. ನಿವೃತ್ತಿಗೆ ಎರಡು ವರ್ಷ ಬಾಕಿ. ಕುಕ್ಕಪ್ಪನ ಬಾಯಿ ಸಾಮಾನ್ಯವಾಗಿ ಅವನ ಸುತ್ತಿಗೆಗಿಂತ ಜೋರು. ಮೊಣಕಾಲು ನೋವಿನಿಂದ ಹಿಡಿದು ಪಂಜದ ಹೋಟೆಲಿನ ಬನ್ಸಿನವರೆಗೆ ಎಲ್ಲವೂ ಅದರಲ್ಲಿ ಬಂದುಹೋಗುತ್ತಿತ್ತು. ಇವತ್ತು ಮಾತ್ರ ಅದಕ್ಕೆ ಬೀಗ ಬಿದ್ದಿತ್ತು.

ಯಾಕೆಂದು ಗಾನಶ್ರೀಗೆ ಗೊತ್ತಿತ್ತು. ಮುಂದೆ ಬರುವುದು ಅವಳದೇ ಮನೆಯ ತೋಟ. ಹಳಿ ಅದನ್ನು ಎರಡು ಹೋಳು ಮಾಡಿತ್ತು. ಕೆರೆ ಈಚೆ, ಅರ್ಧ ತೋಟ ಆಚೆ. ಎರಡು ವರ್ಷದ ಹಿಂದೆ ಅವಳ ಅಪ್ಪ ಕೃಷ್ಣಮೋಹನ ಜಲ್ಲಿ ಸರಿಸಿ, ಹಳಿಯನ್ನು ಹೊತ್ತ ಎರಡು ಸ್ಲೀಪರು ತೊಲೆಗಳ ನಡುವೆ ಚಡಿ ತೋಡಿ, ಹಳಿಯಡಿಯಲ್ಲಿ ಒಂದು ಪೈಪು ತೂರಿಸಿ ನೀರು ದಾಟಿಸಿದ್ದರು. ಅನುಮತಿಗೆ ಅರ್ಜಿ ಹಾಕಿದರೆ ಅದು ಬರುವಷ್ಟರಲ್ಲಿ ಗಿಡ ಒಣಗಿರುತ್ತದೆ ಎಂಬುದು ಅವರ ವಾದ. ಪೂರ್ತಿ ಸುಳ್ಳೂ ಅಲ್ಲ. ಮೊದಲ ಸಲ ಕಂಡಾಗ ಗಾನಶ್ರೀ ಕೂಗಾಡಿದ್ದಳು. "ಈ ಬೇಸಗೆ ಒಂದು ಕಳೀಲಿ ಮಗಾ" ಎಂದಿದ್ದರು ಅಪ್ಪ. ಆ ಬೇಸಗೆ ಕಳೆಯಿತು, ಇನ್ನೊಂದೂ ಬಂತು. ತಪಾಸಣೆಯ ಪುಸ್ತಕದಲ್ಲಿ ಅವಳು ಪ್ರತಿ ಸಲವೂ 'ಸರಿಯಿದೆ' ಎಂದೇ ಬರೆದಳು. ಹಳಿ ನೋಡಿ ಬರೆದದ್ದಲ್ಲ, ಅಪ್ಪನ ಮುಖ ನೋಡಿ ಬರೆದದ್ದು.

ತಿರುವು ಮುಗಿದು ಹಳಿ ನೇರವಾದಲ್ಲಿ ಅವಳು ಗಕ್ಕನೆ ನಿಂತಳು. ತಿಂಗಳಿನಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಆದರೂ ಜಲ್ಲಿಯ ಸಂದಿನಿಂದ ಕೆಂಪು ಕೆಸರು ಉಕ್ಕಿ ಬಂದಿತ್ತು. ಹಳಿಯ ಕೆಳಗೆ ಪೈಪು ಒಡೆದಿತ್ತು. ಕುಕ್ಕಪ್ಪ ಸ್ಲೀಪರಿಗೆ ಸುತ್ತಿಗೆಯಿಂದ ಬಡಿದ. ಅಡಿಯೆಲ್ಲ ಟೊಳ್ಳು ಎಂದು ಸದ್ದೇ ಹೇಳಿತು. ಗಾನಶ್ರೀ ಮಟ್ಟಗೋಲು ಇಟ್ಟು ನೋಡಿದಳು. ಒಂದು ಹಳಿ ಇನ್ನೊಂದಕ್ಕಿಂತ ಎರಡು ಬೆರಳಿನಷ್ಟು ಕುಸಿದಿತ್ತು.

"ಯಾವಾಗಿಂದ ಕುಕ್ಕಪ್ಪ?"

"ನಾಲ್ಕು ದಿನ ಆಯ್ತು ಮೇಡಂ. ಇಷ್ಟು ಇರ್ಲಿಲ್ಲ, ಸ್ವಲ್ಪ ಪಸೆ ಇತ್ತು."

"ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಹೇಳುದು ಯಾರಿಗೆ? ಪೈಪ್ ನಿಮ್ಮ ಮನೆಯದ್ದು. ಎರಡು ವರ್ಷದಿಂದ ನೀವು ದಾಟಿ ಹೋಗುದು ನಾನು ಕಾಣ್ತೇನಲ್ಲ. ನೀವೇ ನೋಡದ್ದನ್ನು ನಾನು ನೋಡುದು ಹೇಗೆ?"

ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಸ್ಟೇಷನ್ ಮಾಸ್ಟರಿಗೆ ಫೋನ್ ಮಾಡಿದಳು. ಪುತ್ತೂರಿನಿಂದ ಬರುವ ಪ್ಯಾಸೆಂಜರ್ ಆಗಲೇ ಹಿಂದಿನ ನಿಲ್ದಾಣ ಬಿಟ್ಟಾಗಿತ್ತು. ಹೆಚ್ಚೆಂದರೆ ಹನ್ನೆರಡು ನಿಮಿಷ.

ಅಷ್ಟರಲ್ಲಿ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡು ಕೃಷ್ಣಮೋಹನರು ತೋಟದಿಂದ ಹತ್ತಿ ಬಂದರು. ಕುಕ್ಕಪ್ಪ ಬಿಚ್ಚಿ ಹಿಡಿದ ಕೆಂಪು ಬಾವುಟ ಕಂಡು ಅವರ ಮುಖ ಬಿಳಚಿಕೊಂಡಿತು.

"ರೈಲು ನಿಲ್ಲಿಸ್ಬೇಡ ಮಗಾ. ನಿಂತ್ರೆ ವಿಚಾರಣೆ, ಪೋಲೀಸು ಎಲ್ಲ ಬರ್ತದೆ. ಬೆಳಿಗ್ಗೆ ಗೂಡ್ಸ್ ಹೋಗ್ಲಿಲ್ವಾ? ಇದೊಂದು ಹೋಗ್ಲಿ. ಆಮೇಲೆ ಪೈಪ್ ನಾನೇ ಎಳೆದು ಬಿಸಾಡ್ತೇನೆ. ನಿನ್ನ ಕೆಲಸ ಹೋದ್ರೆ ಎಂತ ಮಾಡುದು?"

"ಗೂಡ್ಸ್ ಹೋದದ್ದಕ್ಕೇ ಅಪ್ಪಾ ಇಷ್ಟು ಕುಸಿದದ್ದು!"

ಹೇಳಿದಳು, ಆದರೆ ಕಾಲು ಕೀಳಲಿಲ್ಲ. ಆ ಅರೆ ನಿಮಿಷವನ್ನು ಅವಳು ಮುಂದೆ ಎಷ್ಟೋ ಸಲ ನೆನೆದು ನಾಚಿದಳು. ಒಂದು ವೇಳೆ ಏನೂ ಆಗದೆ ದಾಟಿದರೆ? ಅಪ್ಪನಿಗೂ ತೊಂದರೆಯಿಲ್ಲ, ತನಗೂ ಇಲ್ಲ. ಅಷ್ಟರಲ್ಲಿ ಕುಕ್ಕಪ್ಪ ಪಟಾಕಿಯ ಡಬ್ಬಿ ಹಿಡಿದು, ನೋಯುವ ಕಾಲನ್ನು ಎಳೆಯುತ್ತ ರೈಲು ಬರುವ ದಿಕ್ಕಿಗೆ ಹೊರಟೇ ಬಿಟ್ಟಿದ್ದ. ಅವನ ಕುಂಟು ಓಟ ನೋಡಿ ಅವಳಿಗೆ ಎಚ್ಚರಾಯಿತು.

ಓಡಿಹೋಗಿ ಡಬ್ಬಿ ಕಿತ್ತುಕೊಂಡಳು. "ನೀವು ಇಲ್ಲೇ ಬಾವುಟ ಹಿಡೀರಿ." ಹಳಿಗೆ ಕಟ್ಟುವ ಆ ಪಟಾಕಿ ಗಾಲಿಯಡಿ ಸಿಡಿದರೆ ಚಾಲಕನಿಗೆ ಅಪಾಯ ತಿಳಿಯುತ್ತದೆ. ಆದರೆ ದೂರದಲ್ಲಿ ಕಟ್ಟಬೇಕು, ತುಂಬ ದೂರದಲ್ಲಿ. ಅವಳು ಜಲ್ಲಿಯ ಮೇಲೆ ಓಡಿದಳು, ಬಿದ್ದಳು, ಅಂಗೈ ಸಿಗಿದುಕೊಂಡಳು, ಮತ್ತೆ ಓಡಿದಳು. ದೇವರೇ, ಇನ್ನೊಂದು ನಿಮಿಷ ಕೊಡು ಎಂದು ಬಾಯಿಬಿಟ್ಟೇ ಬೇಡಿಕೊಂಡಳು. ಮೂರನೆಯ ಪಟಾಕಿ ಕಟ್ಟಿ ಬದಿಗೆ ಹಾರುವಾಗ ಹಳಿ ಗುಂಯ್‌ಗುಡುತ್ತಿತ್ತು.

ಢಂ, ಢಂ, ಢಂ. ಬ್ರೇಕು ಕಿರುಚಿತು. ಕಿಟಕಿಗಳು ಒಂದೊಂದಾಗಿ ಅವಳ ಮುಂದೆ ಹಾದುಹೋದವು. ಕಾಲೇಜಿನ ಹುಡುಗಿಯರು, ಸುಬ್ರಹ್ಮಣ್ಯಕ್ಕೆ ಹೊರಟ ಸಂಸಾರಗಳು, ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿದ್ದೆಹೋದ ಒಂದು ಮಗು. ಕುಕ್ಕಪ್ಪ ಬಾವುಟ ಹಿಡಿದ ಜಾಗಕ್ಕೆ ನೂರಿನ್ನೂರು ಹೆಜ್ಜೆ ಇರುವಾಗ ರೈಲು ನಿಂತಿತು. ಗಾನಶ್ರೀ ಅಲ್ಲೇ ಕುಳಿತು ಗಳಗಳನೆ ಅತ್ತಳು.

ಹಿಂದಿರುಗಿ ಬಂದಾಗ ಹಳಿಯಡಿಯಲ್ಲಿ ಪೈಪು ಇರಲಿಲ್ಲ. ಚಡಿಗೆ ಜಲ್ಲಿ ತುಂಬಿಯೂ ಆಗಿತ್ತು. ಕೈಗೆ ಕೆಸರು ಮೆತ್ತಿಕೊಂಡು ಅಪ್ಪ ಪಕ್ಕದಲ್ಲಿ ನಿಂತಿದ್ದರು. "ಒರತೆ ನೀರು ಅಂತ ಬರೆ" ಎಂದು ಪಿಸುಗುಟ್ಟಿದರು.

ಮೇಲಧಿಕಾರಿ ಗಿರಿಧರ ಫೋನ್ ಮಾಡಿದ. ಕೈಯಲ್ಲಿ ರಕ್ತ ಸುರಿಯುತ್ತಿದ್ದುದರಿಂದ ಅವಳು ಫೋನನ್ನು ಸ್ಲೀಪರಿನ ಮೇಲಿಟ್ಟು ಸ್ಪೀಕರ್ ಒತ್ತಿದಳು.

"ಬಚಾವ್ ಮಾಡಿದ್ರಿ ಗಾನಶ್ರೀ. ಆದ್ರೆ ಇಷ್ಟು ಕುಸಿಯುದು ಒಂದೇ ದಿನದಲ್ಲಿ ಅಲ್ಲ. ಆ ಕೀಮ್ಯಾನಿನ ಕಣ್ಣು ಎಲ್ಲಿತ್ತು? ಅವನನ್ನು ಇವತ್ತೇ ಸಸ್ಪೆಂಡ್ ಮಾಡ್ತೇನೆ."

ಕುಕ್ಕಪ್ಪನಿಗೆ ಎಲ್ಲ ಕೇಳಿಸಿತು. ಅವನು ಅವಳ ಕಡೆ ನೋಡಲೂ ಇಲ್ಲ. ಬಾವುಟವನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಎರಡು ವರ್ಷ ಇವಳ ಮನೆಯ ಮಾನ ಕಾಯ್ದ ಮನುಷ್ಯ ಈಗಲೂ ತುಟಿ ಬಿಚ್ಚಲಿಲ್ಲ.

"ಸರ್, ಹಳಿಯಡಿ ಪೈಪ್ ಇತ್ತು" ಎಂದಳು ಗಾನಶ್ರೀ. "ನಮ್ಮ ಮನೆಯದ್ದು. ನನಗೆ ಎರಡು ವರ್ಷದಿಂದ ಗೊತ್ತುಂಟು. ಕುಕ್ಕಪ್ಪ ಬಾಯಿ ಮುಚ್ಚಿದ್ದು ನನ್ನಿಂದ."

ಗಿರಿಧರ ದನಿ ತಗ್ಗಿಸಿದ. "ಯೋಚನೆ ಮಾಡಿ ಹೇಳಿ ಮಾರಾಯ್ರೆ. ಬರೆದ ಮೇಲೆ ಅಳಿಸ್ಲಿಕ್ಕೆ ಆಗುದಿಲ್ಲ."

"ಎರಡು ವರ್ಷ ಯೋಚನೆ ಮಾಡಿದ್ದೇನೆ ಸರ್."

ಕೃಷ್ಣಮೋಹನರು ಹತ್ತಿರ ಬಂದರು. "ಅಪ್ಪನನ್ನು ಜೈಲಿಗೆ ಕಳಿಸ್ತೀಯಾ?"

"ನಾನೂ ಬರ್ತೇನೆ ಅಪ್ಪಾ" ಎಂದು ಅವಳು ಪುಸ್ತಕ ತೆರೆದಳು. ಅಕ್ಷರ ಸೊಟ್ಟಸೊಟ್ಟ ಬಂತು. ಅಪ್ಪ ತೋಟಕ್ಕೆ ಇಳಿದು ಹೋದರು. ಹೋಗಲಿ, ಇನ್ನು ಅವರು ಮುಖ ಕೊಟ್ಟು ಮಾತಾಡಲಿಕ್ಕಿಲ್ಲ ಎಂದುಕೊಂಡು ಅವಳು ಬರೆಯುತ್ತಲೇ ಇದ್ದಳು. ಕೆಳಗೆ ಈಚೆಯ ತೋಟಕ್ಕೆ ಕೆರೆಯಿಂದ ನೀರೆತ್ತುತ್ತಿದ್ದ ಪಂಪಿನ ಸದ್ದು ನಿಂತಿತು.

ರೈಲಿನಿಂದ ಇಳಿದ ಜನ ಹಳಿಯ ಬದಿಯಲ್ಲಿ ನಡೆದು ಬರತೊಡಗಿದರು. ಎಲ್ಲರಿಗೂ ಹೊತ್ತಾಗಿತ್ತು, ಎಲ್ಲರಿಗೂ ಸಿಟ್ಟು. "ಯಾರು ಮಾರಾಯ್ರೆ ರೈಲು ನಿಲ್ಲಿಸಿದ್ದು? ನಮಗೆ ಕೆಲಸ ಇಲ್ವಾ?" ಎಂದು ಒಬ್ಬ ಕೂಗಿದ.

ಉತ್ತರ ತೋಟದ ಕಡೆಯಿಂದ ಬಂತು. ಹೆಗಲ ಮೇಲೆ ಒಡೆದ ಪೈಪು ಹೊತ್ತು ಕೃಷ್ಣಮೋಹನರು ಏದುಸಿರು ಬಿಡುತ್ತ ದಿಬ್ಬ ಹತ್ತುತ್ತಿದ್ದರು.

"ನಿಲ್ಲಿಸಿದ್ದು ನನ್ನ ಮಗಳು ಮತ್ತೆ ಈ ಕುಕ್ಕಪ್ಪ. ನಿಲ್ಲಿಸುವ ಹಾಗೆ ಮಾಡಿದ್ದು ನಾನು."

ಅವರು ಪೈಪನ್ನು ಕುಕ್ಕಪ್ಪನ ಮುಂದೆ ಇಳಿಸಿ, ಸೀಳು ಕಾಣುವಂತೆ ಮೇಲೆ ಮಾಡಿ ಇಟ್ಟರು.