ದಿನ್ನೆಯ ಬಸರಿ ಗಿಡ

ಕನ್ನಡಿಯ ಬೆಳಕು ಎರಡನೆಯ ಸಲ ಮಿಂಚಿದಾಗ ಟೆಲಿಫೋನ್ ಇಲಾಖೆಯ ಎಂಜಿನಿಯರ್ ಪ್ರಾಣೇಶ ದುರ್ಬೀನು ಇಳಿಸಿ, ನೋಟ್‌ಬುಕ್ಕಿನಲ್ಲಿ ‘ಅಡ್ಡಿ ಇಲ್ಲ’ ಎಂದು ಬರೆದುಕೊಂಡ. ಮಾನ್ವಿ ಕಡೆಯ ಗುಡ್ಡದಲ್ಲಿ ಅವನ ಸಹಾಯಕ ಬಿಸಿಲಿಗೆ ಹಿಡಿದಿದ್ದ ಕನ್ನಡಿ, ಈ ದಿನ್ನೆಯ ಬಸರಿ ಗಿಡದ ಬೋಳು ಕೊಂಬೆಗಳ ಸಂದಿಯಿಂದ ಚೆನ್ನಾಗಿಯೇ ಕಂಡಿತ್ತು. ಮಾನ್ವಿಯಿಂದ ದೇವದುರ್ಗಕ್ಕೆ ತಂತಿಯಿಲ್ಲದೆ ಟೆಲಿಫೋನಿನ ಮಾತು ಒಯ್ಯುವ ಮೈಕ್ರೋವೇವ್ ಅಲೆ ಇದೇ ಗೆರೆಯ ಮೇಲೆ ಹಾಯಬೇಕಿತ್ತು. ಅದು ೧೯೮೩ರ ಫಾಲ್ಗುಣ.

ಗಿಡಕ್ಕೆ ಐದು ಸೀರೆಯ ಜೋಲಿಗಳು ತೂಗುತ್ತಿದ್ದವು. ಹೊಲಕ್ಕೆ ಕೂಲಿ ಹೋದ ಹೆಂಗಸರ ಕೂಸುಗಳನ್ನು ತಿಮ್ಮವ್ವ ಅಲ್ಲಿ ನೋಡಿಕೊಳ್ಳುತ್ತಿದ್ದಳು. ವಾರಕ್ಕೆ ಕೂಸಿಗೊಂದು ಸೇರು ಜೋಳ. ಗಂಡ ಸತ್ತ ಮೇಲೆ ಅದೇ ಅವಳ ಬದುಕು. ಪ್ರಾಣೇಶ ಏನು ಬರೆಯುತ್ತಿದ್ದಾನೆಂದು ಕೇಳಿ ತಿಳಿದುಕೊಂಡವಳು ತಲೆಯಾಡಿಸಿದಳು.

“ಎಲಿ ಉದುರಿಸಿ ನಿಂತ ಗಿಡ ನೋಡಿ ಬರಕೊಂಡ್ರ ಹ್ಯಾಂಗ್ರಿ ಸಾಹೇಬ್ರ? ಶ್ರಾವಣದಾಗ ಬರ್ರಿ. ಆ ಕಡಿ ಗುಡ್ಡನ ಕಾಣಂಗಿಲ್ಲ.”

ಪ್ರಾಣೇಶ ನಕ್ಕ. ತೊಯ್ದ ಎಲೆ ಅಲೆಯನ್ನು ಕುಡಿದುಬಿಡುತ್ತದೆಂದು ಅವನೂ ಓದಿದ್ದ. ಮಾನ್ವಿಯಲ್ಲಿ ಅಲೆ ಬಿಡಲು ನಿಲ್ಲಿಸಲಿದ್ದ ಗೋಪುರದ ಜಾಗವನ್ನು ಇನ್ನೂರು ಹೆಜ್ಜೆ ತೆಂಕಕ್ಕೆ ಸರಿಸಿದರೆ ಗೆರೆ ಗಿಡದ ಮಗ್ಗುಲಿಂದ ಹಾದುಹೋಗುತ್ತಿತ್ತು. ಅದಕ್ಕೆ ಮತ್ತೆರಡು ದಿನದ ಸರ್ವೆ ಬೇಕು. ವರದಿ ಸೋಮವಾರ ರಾಯಚೂರಿನಲ್ಲಿರಬೇಕಿತ್ತು. ಒಂದು ಗಿಡ ಎಷ್ಟು ತಾನೇ ತಡೆದೀತು ಎಂದುಕೊಂಡು ಅವನು ಜೀಪು ಹತ್ತಿದ.

ಮರುವರ್ಷ ಎರಡೂ ಊರಲ್ಲಿ ಗೋಪುರಗಳೆದ್ದವು. ಬೇಸಿಗೆ ಕಳೆಯುವವರೆಗೆ ಎಲ್ಲ ಸರಿಯಿತ್ತು. ಮಳೆ ಹಿಡಿದ ಮೇಲೆ ಮಾತು ನಡುವೆಯೇ ಕಡಿದುಹೋಗತೊಡಗಿತು. ಕಾರಣ ತಿಳಿಸಿ ಎಂದು ಮೇಲಿನವರ ಕಾಗದ ಬಂತು. ಮೊದಲೇ ಇದ್ದ ಗಿಡವನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ನಿಜ ಬರೆದರೆ ಮಾನ್ವಿಯ ಗೋಪುರ ಕಿತ್ತು ಬೇರೆಡೆ ನಿಲ್ಲಿಸಬೇಕು. ತಪ್ಪು ಅವನ ಸರ್ವೀಸು ಪುಸ್ತಕದಲ್ಲಿ ಉಳಿಯುತ್ತದೆ. ಎರಡು ದಿನ ಕಾಗದ ಮುಂದಿಟ್ಟುಕೊಂಡು ಕೂತ ಪ್ರಾಣೇಶ, ಕೊನೆಗೆ ‘ಸರ್ವೆಯ ನಂತರ ಬೆಳೆದ ಗಿಡದಿಂದ ಅಡ್ಡಿ’ ಎಂದು ಬರೆದು ಸಹಿ ಹಾಕಿದ. ಆ ಗಿಡದ ಬೊಡ್ಡೆ ನಾಲ್ಕು ಜನರ ತೆಕ್ಕೆಗೂ ಸಿಗುವಂತಿರಲಿಲ್ಲ. ಬಂದು ನೋಡಿದವರು ಯಾರೂ ಇರಲಿಲ್ಲ. ದಿನ್ನೆ ಸರಕಾರದ್ದೇ ಆದ್ದರಿಂದ ಕಡಿಯಲು ವಾರದಲ್ಲಿ ಅಪ್ಪಣೆ ಬಂತು.

ಕಡಿಯುವ ದಿನ ಅವನು ಅಲ್ಲಿರಲೇಬೇಕಾಯಿತು. ತಿಮ್ಮವ್ವ ಜೋಲಿಗಳನ್ನು ಒಂದೊಂದಾಗಿ ಬಿಚ್ಚಿ ಮಡಚುತ್ತಿದ್ದಳು. ಕೂಸುಗಳ ತಾಯಂದಿರು ಬಂದು ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಹೋದರು. ಜಗಳಕ್ಕೆ ಸಿದ್ಧನಾಗಿ ಬಂದಿದ್ದ ಪ್ರಾಣೇಶನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ತಿಮ್ಮವ್ವ ಅವನ ಗುರುತು ಹಿಡಿದಳು.

“ನಾನಽ ಶ್ರಾವಣದಾಗ ಬರ್ರಿ ಅಂದಿದ್ದೆ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾ ಬಾಯಿ ಮುಚ್ಚಿಕೊಂಡಿದ್ರ ನೀವು ಈ ಗಿಡದ ತಂಟೆಗೆ ಬರ್ತಿದ್ದಿಲ್ಲೇನೋ.”

ನಿನ್ನ ಮಾತು ಕೇಳಿದ್ದರೆ ಗಿಡ ಉಳಿಯುತ್ತಿತ್ತು ಎಂದು ಹೇಳಬೇಕೆನಿಸಿತು. “ಹಂಗಲ್ಲವ್ವ,” ಎಂದಷ್ಟೇ ಅಂದ. ಅಷ್ಟರಲ್ಲಿ ಕಡಿಯುವವರು ಯಾವ ಕಡೆಗೆ ಕೆಡವಬೇಕು ಎಂದು ಕೇಳಿದರು. ಅವನು ಕೈಮಾಡಿ ತೋರಿಸಿದ.

ಮೂರು ದಿನಗಳ ನಂತರ ಜೋರು ಮಳೆಯಲ್ಲೇ ಅವನು ಮಾನ್ವಿಯಿಂದ ದೇವದುರ್ಗಕ್ಕೆ ಫೋನು ಹಚ್ಚಿದ. ಆ ತುದಿಯಲ್ಲಿ ಆಪರೇಟರ್ ಶಂಶುದ್ದೀನ್ ಇದ್ದ.

“ಮಗ್ಗಲದಾಗ ಕುಂತಂಗ ಕೇಳಾಕತ್ತದ್ರಿ ಸರ್. ನಿಮಗ ಹ್ಯಾಂಗದ?”

ಪ್ರಾಣೇಶ ರಿಸೀವರ್ ಕಿವಿಗೆ ಹಿಡಿದೇ ಕಿಟಕಿಯಿಂದ ದಿನ್ನೆಯ ಕಡೆಗೆ ನೋಡಿದ.

“ಸರ್, ಅದೀರೇನ್ರಿ?”

ಆ ಕಡೆ, ದೇವದುರ್ಗದ ಕೋಣೆಯಲ್ಲಿ, ಯಾರೋ ಕುರ್ಚಿ ಎಳೆದುಕೊಂಡು ಕೂತ ಸದ್ದು ಸ್ಪಷ್ಟವಾಗಿ ಕೇಳಿಸಿತು.