ಅಟ್ಟದ ಕೆಲಸ

"ಮೋಟುಗೈ ಮುಂಡೆ, ನೀನು ಮಚ್ಚು ಹಿಡುದ್ರೆ ಕೊಬ್ರಿ ಚೂರಾಯ್ತದೆ. ಏಳೇ ಮೇಲಕ್ಕೆ!"

ಅಂಗಳದ ಯಜಮಾನ ಗಂಗಾಧರಯ್ಯ ಒದ್ದ ರಭಸಕ್ಕೆ ಕರಟದ ರಾಶಿ ಪುಟ್ಟಗಂಗಮ್ಮನ ಮಡಿಲಿಗೆ ಬಿತ್ತು. ಒಣಕಾಯಿಯ ಕರಟ ಬಿಡಿಸುತ್ತಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿದರು. ಎರಡು ತಿಂಗಳ ಹಿಂದೆ ಇದೇ ಅಂಗಳದಲ್ಲಿ ಮಚ್ಚು ಜಾರಿ ಅವಳ ಎಡಗೈಯ ಮೂರು ಬೆರಳು ಹೋಗಿದ್ದವು.

"ನಿಮ್ ಕೆಲ್ಸದಾಗೇ ಹೋಗಿದ್ದು ಸೋಮಿ ಈ ಬೆಳ್ಳು."

"ಯಾವಳೇ ಹೇಳಿದ್ದು? ಆಸ್ಪತ್ರೆ ಚೀಟೀಲಿ ಏನೈತೆ? ಮನೇಲಿ ಸೌದೆ ಸೀಳೋವಾಗ ಅಂತ ಬರ್ಸಿದ್ದೀಯ. ಆ ಸೌದೆನೇ ಕೇಳೋಗು ಕೆಲ್ಸವ!"

ಹಾಗೆ ಬರೆಸು ಎಂದವನು ಅವನೇ. ರಕ್ತ ಸೋರುವ ಕೈಗೆ ಟವೆಲು ಸುತ್ತಿ, ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತ, "ಸುಮ್ಕೆ ಪೊಲೀಸು ಗಿಲೀಸು ಯಾಕೆ? ವಾಸಿ ಮಾಡ್ಕಂಡು ಬಾ, ನಿನ್ ಕೆಲ್ಸ ಎಲ್ಲಿಗೋಯ್ತದೆ" ಎಂದಿದ್ದ. ಕಾರಿನಲ್ಲಿ ಕೂರಿಸಿದನಲ್ಲ ಎಂಬ ಋಣಕ್ಕೇ ಅವಳು ಡಾಕ್ಟರ ಮುಂದೆ ಸೌದೆ ಎಂದುಬಿಟ್ಟಿದ್ದಳು.

ವಾಸಿಯಾದ ಮೇಲೂ ಅವನು ಕರೆಯದಿದ್ದಾಗ, ಕಂದಿಕೆರೆ ದಾರಿಯ ಎರಡು ಅಂಗಳಗಳಲ್ಲಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಕೆಲಸ ಕೇಳಿದ್ದಳು. ಸೆರಗು ಸರಿದದ್ದೇ ತಡ, ಹೋಗಮ್ಮ ಎಂದಿದ್ದರು. ಮನೆಯಲ್ಲಿ ಅವಳು, ಮೊಮ್ಮಗಳು ಯೋಗಿತಾ, ಇಬ್ಬರೇ. ನಿನ್ನೆಯಿಂದ ಒಲೆ ಹಚ್ಚಿರಲಿಲ್ಲ.

"ಅಟ್ಟದ ಕೆಲ್ಸ ಕೊಡಿ ಸೋಮಿ. ಅದ್ಕೆ ಒಂದ್ ಕೈ ಸಾಕು."

ಅಂಗಳದ ಮಚ್ಚುಗಳೆಲ್ಲ ನಿಂತವು. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಬೇಕು. ಕೊಬ್ಬರಿ ಗುಡುಗುಟ್ಟಿದರೆ ಕೆಳಕ್ಕೆ, ನೀರು ಕುಲುಕಿದರೆ ಮತ್ತೆ ರಾಶಿಗೆ. ಕೂತು ಮಾಡುವ ಕೆಲಸ. ಆದರೆ ಏಣಿ ಇದ್ದದ್ದು ನಡುಮನೆಯಲ್ಲಿ, ದೇವರ ಕೋಣೆಯ ಪಕ್ಕದಲ್ಲಿ. ಅವಳ ಕೇರಿಯವರು ಯಾರೂ ಆ ಹೊಸಿಲು ದಾಟಿದವರಲ್ಲ.

ಗಂಗಾಧರಯ್ಯನ ಹೆಂಡತಿ ಮೀನಾಕ್ಷಮ್ಮ ಬಾಗಿಲಲ್ಲೇ ನಕ್ಕಳು. "ನಾವೇನು ಜಾತಿ ಗೀತಿ ನೋಡಲ್ಲ ಕಣೇ ಗಂಗಿ. ನಮ್ಮತ್ತೆ ಕಾಲ್ದಿಂದ ನಡ್ಕಂಡು ಬಂದೈತೆ, ಏನ್ ಮಾಡಾನ?"

"ಕೈಲಿ ರಕ್ತ ಸುರೀತಿದ್ದಾಗ ನಿಮ್ ಕಾರ್ನಾಗೆ ಕೂತಿದ್ನಲ್ಲ ಅವ್ವಾರೆ, ಆಗ ನಿಮ್ಮತ್ತೆ ಏನೂ ಅನ್ನಲಿಲ್ವಾ?"

ಪುಟ್ಟಗಂಗಮ್ಮ ಎದ್ದು ಹೊಸಿಲು ದಾಟಿದಳು. ಮುಟ್ಟಿ ತಡೆಯಲಾರದೆ ಮೀನಾಕ್ಷಮ್ಮ ಗೋಡೆಗೆ ಒತ್ತಿಕೊಂಡಳು. ಬಲಗೈಯಲ್ಲಿ ಹಿಡಿದು, ಎಡ ಮೊಣಕೈಯನ್ನು ಮೆಟ್ಟಿಲಿಗೆ ಸಿಕ್ಕಿಸಿ, ಅವಳು ಏಣಿ ಹತ್ತಿದಳು.

"ಇಳಿಯೇ ಬೋಸುಡಿ!" ಓಡಿಬಂದ ಗಂಗಾಧರಯ್ಯ ಏಣಿಯನ್ನು ಎಳೆದು ಕೆಡವಿದ. "ಅಲ್ಲೇ ಸಾಯಿ. ಅದೆಂಗ್ ಇಳೀತೀಯೋ ನಾನೂ ನೋಡ್ತೀನಿ."

ಮೇಲಿನಿಂದ ಗುಡುಗುಡು ಸದ್ದಾಯಿತು. ಒಣಗಿದ ಕಾಯೊಂದು ಅವನ ಕಾಲ ಬಳಿ ಬಿದ್ದು, ದೇವರ ಕೋಣೆಯೊಳಕ್ಕೆ ಉರುಳಿಹೋಯಿತು. ಎತ್ತಲು ಯಾರೂ ಬಗ್ಗಲಿಲ್ಲ. ಅಷ್ಟರಲ್ಲಿ ಮೇಲೆ ಇನ್ನೊಂದು ಕಾಯಿ ಗುಡುಗುಟ್ಟಿತು.